ಕಾಫಿ ತೋಟದಲ್ಲೊಂದು ಬೂದು ಮಚ್ಚೆ: ಅದು ಕೊಡಗಿಗೆ ಹೊಸದೆಂದು ತಿಳಿಯುವುದು ಹೇಗೆ?

ಮುಂಗಾರು ಹಿಡಿಯುವ ಮೊದಲು ಕೊಡಗಿನ ತೋಟಗಳಲ್ಲಿ ಮರಗಸಿಯ ಕೆಲಸ ನಡೆಯುತ್ತದೆ. ಹಾಲುವಾಣ, ಅತ್ತಿ, ಸಿಲ್ವರ್ ಓಕ್ ಮರಗಳ ಮೇಲ್ಕೊಂಬೆಗಳು ಕತ್ತಿಯೇಟಿಗೆ ಕಾಫಿ ಸಾಲಿನ ನಡುವೆ ಬಂದು ಬೀಳುತ್ತವೆ. ಹಾಗೆ ಬಿದ್ದ ಒಂದು ಹಳೆಯ ಕೊಂಬೆಯನ್ನು ಎತ್ತಿ ಹತ್ತಿರದಿಂದ ನೋಡಿ. ಬರಿಯ ತೊಗಟೆ ಕಾಣುವ ಜಾಗವೇ ಕಡಿಮೆ. ಸುಣ್ಣ ಚೆಲ್ಲಿದಂಥ ಬಿಳಿ ಮಚ್ಚೆಗಳು, ಅವುಗಳ ಮೇಲೆ ಯಾರೋ ಕಪ್ಪು ಶಾಯಿಯಲ್ಲಿ ಗೀಚಿದಂಥ ಗೆರೆಗಳು, ಬೂದು ಬಣ್ಣದ ಸುಕ್ಕುಸುಕ್ಕಾದ ಎಲೆಯಂಥ ಹರಡುಗಳು, ತುದಿಯಲ್ಲಿ ನೇತಾಡುವ ಗಡ್ಡದಂಥ ಎಳೆಗಳು. ಮೊಳ ಉದ್ದದ ಕೊಂಬೆಯಲ್ಲಿಯೇ ಐದಾರು ಬಗೆ ಸಿಕ್ಕರೆ ಅಚ್ಚರಿಯಿಲ್ಲ.

ಇವೆಲ್ಲ ಕಲ್ಲುಹೂವುಗಳು. ಬಿರಿಯಾನಿಗೆ, ಮಸಾಲೆ ಪುಡಿಗೆ ಹಾಕುವ ಕಲ್ಲುಹೂವು ಇದೇ ಬಳಗದ್ದು. ವಿಜ್ಞಾನದ ಬರಹಗಳಲ್ಲಿ ಲೈಕನ್ ಎನ್ನುತ್ತಾರೆ. ತೋಟದವರು ಇವುಗಳ ಬಗ್ಗೆ ಮೊದಲಿನಿಂದಲೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ರೋಗವೇ? ಈಗ ಎರಡನೆಯ ಪ್ರಶ್ನೆಯೂ ಸೇರಿಕೊಂಡಿದೆ: ಇದು ಹೊಸ ಪ್ರಭೇದವೇ? ‘ಪಶ್ಚಿಮ ಘಟ್ಟದಲ್ಲಿ ಹೊಸ ಪ್ರಭೇದ ಪತ್ತೆ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಮೊಬೈಲಿನಲ್ಲಿ ಫೋಟೊ ತೆಗೆದು ಹೆಸರು ಹುಡುಕುವುದು ಸುಲಭವಾಗಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗಳ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಊರಿನವರನ್ನು ಕೇಳಿಯೇ ಸಿದ್ಧಪಡಿಸಬೇಕು. ಹೀಗಾಗಿ ‘ಹೊಸದು’ ಎಂಬ ಮಾತಿನ ಅರ್ಥವೇನು, ಅದನ್ನು ಯಾರು ಹೇಗೆ ತೀರ್ಮಾನಿಸುತ್ತಾರೆ ಎಂಬುದು ನಮಗೂ ತಿಳಿದಿರುವುದು ಒಳ್ಳೆಯದು.

ಒಂದೇ ಮನೆಯಲ್ಲಿ ಇಬ್ಬರು

ಕಲ್ಲುಹೂವು ಒಂದು ಜೀವಿಯಂತೆ ಕಂಡರೂ ಅದರೊಳಗೆ ಕಡಿಮೆಯೆಂದರೆ ಎರಡು ಜೀವಿಗಳಿವೆ. ಒಂದು ಶಿಲೀಂಧ್ರ, ಅಂದರೆ ಅಣಬೆ ಮತ್ತು ಬೂಷ್ಟಿನ ಬಳಗದ್ದು. ಇನ್ನೊಂದು ಪಾಚಿ. ಶಿಲೀಂಧ್ರ ಮನೆ ಕಟ್ಟುತ್ತದೆ: ಗೋಡೆ, ಸೂರು, ತೇವ ಹಿಡಿದಿಡುವ ತಿರುಳು ಎಲ್ಲವೂ ಅದರದೇ. ಪಾಚಿ ಆ ಸೂರಿನ ಕೆಳಗೆ ಕುಳಿತು ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಇಬ್ಬರೂ ಉಣ್ಣುತ್ತಾರೆ. ಮಳೆ ಬಿದ್ದ ಕೂಡಲೇ ಬೂದು ಕಲ್ಲುಹೂವು ಹಸಿರಾಗುವುದನ್ನು ನೀವು ನೋಡಿರಬಹುದು. ನೆನೆದ ಸೂರು ಪಾರದರ್ಶಕವಾಗಿ, ಒಳಗಿನ ಪಾಚಿಯ ಬಣ್ಣ ಹೊರಗೆ ಕಾಣುತ್ತದೆ, ಅಷ್ಟೆ. ಕೆಲವು ಕಲ್ಲುಹೂವುಗಳಲ್ಲಿ ಹಸಿರು ಪಾಚಿಯ ಬದಲು ಸಯನೋಬ್ಯಾಕ್ಟೀರಿಯಾ, ಅಂದರೆ ಬಿಸಿಲಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ, ಇರುತ್ತದೆ. ಅವುಗಳಲ್ಲಿ ಕೆಲವು ಒದ್ದೆಯಾದಾಗ ಕಪ್ಪಗೆ, ಲೋಳೆಲೋಳೆಯಾಗಿ ಕಾಣುತ್ತವೆ.

ಈ ಇಬ್ಬರ ಸಂಸಾರವನ್ನು ಮೊದಲು ಗುರುತಿಸಿದವರು ಸ್ವಿಟ್ಜರ್ಲೆಂಡಿನ ಸಿಮೋನ್ ಶ್ವೆಂಡನರ್, 1867ರಲ್ಲಿ. ಆ ಕಾಲದ ಹಲವು ವಿದ್ವಾಂಸರು ಅದನ್ನು ಒಪ್ಪಲಿಲ್ಲ. 2016ರಲ್ಲಿ ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಇನ್ನೊಂದು ಬಗೆಯ ಶಿಲೀಂಧ್ರವೂ ಇರುವುದು ಪ್ರಕಟವಾಯಿತು. ಹಾಗಾಗಿ ‘ಕಡಿಮೆಯೆಂದರೆ ಎರಡು’ ಎಂದೆ.

ಹಾಗಾದರೆ ಹೆಸರು ಯಾರದು? ನಿಯಮದ ಪ್ರಕಾರ ಕಲ್ಲುಹೂವಿಗೆ ಕೊಡುವ ಹೆಸರು ಅದರ ಶಿಲೀಂಧ್ರಕ್ಕೆ ಸಲ್ಲುತ್ತದೆ. ಪಾಚಿಗೆ ಬೇರೆಯದೇ ಹೆಸರಿದೆ. ಹೆಸರಿಡುವ ಕ್ರಮ ಕೊಡಗಿನವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎನ್ನುವಾಗ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಪಾರ್ಮೋಟ್ರೆಮಾ ಟಿಂಕ್ಟೋರಮ್ ಎಂಬ ಕಲ್ಲುಹೂವಿನ ಹೆಸರಿನಲ್ಲೂ ಹಾಗೆಯೇ. ಪಾರ್ಮೋಟ್ರೆಮಾ ಎಂಬುದು ಒಕ್ಕ, ಅಂದರೆ ಕುಲ. ಟಿಂಕ್ಟೋರಮ್ ಎಂಬುದು ಆ ಒಕ್ಕದ ಒಬ್ಬ ಸದಸ್ಯ, ಅಂದರೆ ಪ್ರಭೇದ.

ಮರಕ್ಕೆ ಕೆಡುಕೇ?

ಇಲ್ಲ. ಕಲ್ಲುಹೂವಿಗೆ ಮರದ ರಸ ಹೀರುವ ಬೇರಿಲ್ಲ. ಅಡಿಯಲ್ಲಿರುವ ಎಳೆಗಳು ತೊಗಟೆಯನ್ನು ಹಿಡಿದುಕೊಳ್ಳಲು ಮಾತ್ರ. ಸೊರಗಿದ ಕಿತ್ತಳೆ ಗಿಡದ ಮೇಲೆ ಅವು ಹೆಚ್ಚಾಗಿ ಕಾಣುವುದು ನಿಜ, ಆದರೆ ಗಿಡ ಸೊರಗಿದ್ದು ಅವುಗಳಿಂದಲ್ಲ. ಗಿಡ ಸೊರಗಿ ಎಲೆ ಉದುರಿತು, ಕೊಂಬೆಗೆ ಬಿಸಿಲು ಬಿತ್ತು, ಬೆಳಕು ಸಿಕ್ಕಿದ ಕಲ್ಲುಹೂವು ಹರಡಿತು. ಕಾರಣವನ್ನು ಹುಡುಕಬೇಕಾದದ್ದು ಬೇರಿನಲ್ಲಿ, ಮಣ್ಣಿನಲ್ಲಿ, ಕಾಂಡದೊಳಗೆ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಅಡಕೆ, ತೆಂಗಿನ ಕಾಂಡಗಳ ಮೇಲೆ, ಮಳೆ ನೀರು ಇಳಿಯುವ ಗೋಡೆಗಳ ಮೇಲೆ ಕಾವಿ ಬಳಿದಂತೆ ಕಾಣುವ ಕಿತ್ತಳೆ ಬಣ್ಣದ ಮಖಮಲ್ಲಿನಂಥ ಪದರ ಕಲ್ಲುಹೂವಲ್ಲ. ಅದು ಟ್ರೆಂಟಿಪೋಲಿಯಾ ಎಂಬ ಪಾಚಿ. ಹಸಿರು ಪಾಚಿಗಳ ಬಳಗದ್ದೇ ಆದರೂ ಮೈಯಲ್ಲಿರುವ ಬೇರೆ ಬಣ್ಣ ಹಸಿರನ್ನು ಮರೆಮಾಡುತ್ತದೆ. ನಮ್ಮಂಥ ಬಿಸಿಲು–ಮಳೆಯ ನಾಡುಗಳಲ್ಲಿ ಬಹಳಷ್ಟು ಕಲ್ಲುಹೂವುಗಳ ಒಳಗೆ ಅಡುಗೆಯ ಕೆಲಸ ಮಾಡುವುದೂ ಈ ಪಾಚಿಯೇ. ಬಿಳಿ ಮಚ್ಚೆಯೊಂದನ್ನು ಉಗುರಿನಿಂದ ಮೆಲ್ಲನೆ ಗೀರಿದಾಗ ಒಳಗಿಂದ ಹಳದಿ–ಕಿತ್ತಳೆ ಗೀರು ಬಂದರೆ ಅದರ ಸುಳಿವು ಸಿಕ್ಕಿತೆಂದು ತಿಳಿಯಿರಿ.

‘ಹೊಸದು’ ಎಂದರೆ ಎಷ್ಟು ಹೊಸದು?

ಸುದ್ದಿಗಳಲ್ಲಿ ಕಲಸಿಹೋಗುವುದು ಇದೇ. ಒಂದು ಕಲ್ಲುಹೂವು ಕೊಡಗಿಗೆ ಹೊಸದಾಗಿರಬಹುದು, ಕರ್ನಾಟಕಕ್ಕೆ ಹೊಸದಾಗಿರಬಹುದು, ಭಾರತಕ್ಕೆ ಹೊಸದಾಗಿರಬಹುದು, ಅಥವಾ ವಿಜ್ಞಾನಕ್ಕೇ ಹೊಸದಾಗಿರಬಹುದು. ಕೊನೆಯದನ್ನು ಬಿಟ್ಟರೆ ಉಳಿದವು ‘ಹೊಸ ದಾಖಲೆ’ಗಳು. ಪ್ರಭೇದಕ್ಕೆ ಆಗಲೇ ಹೆಸರಿದೆ, ಬೇರೆಡೆ ಕಂಡಿದೆ, ಈ ಜಾಗದ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಬ್ರಹ್ಮಗಿರಿಯ ಆಚೆ ವಯನಾಡಿನಲ್ಲಿ ದಾಖಲಾದದ್ದು ಈಚೆ ಇರ್ಪುವಿನ ಬಳಿ ಸಿಕ್ಕಿದರೆ ಅದು ಕೊಡಗಿಗೆ ಹೊಸ ದಾಖಲೆ. ಬೆಟ್ಟದ ಎರಡೂ ಮಗ್ಗುಲಲ್ಲಿ ಅದು ಮೊದಲಿನಿಂದಲೂ ಇದ್ದಿರಬಹುದು. ನೋಡಿದವರು ಇರಲಿಲ್ಲ, ಬರೆದಿಟ್ಟವರು ಇರಲಿಲ್ಲ.

ಹಾಗೆಂದು ಹೊಸ ದಾಖಲೆಯನ್ನು ಕಡೆಗಣಿಸುವುದು ಸರಿಯಲ್ಲ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಕಲ್ಲುಹೂವುಗಳು ಸುಮಾರು 20,000. ಭಾರತದಲ್ಲಿ ದಾಖಲಾದವು ಎರಡೂವರೆ ಸಾವಿರಕ್ಕೂ ಹೆಚ್ಚು. ಈ ಲೆಕ್ಕ ಬೆಳೆದಿರುವುದು ಒಂದೊಂದೇ ಜಾಗದ ಒಂದೊಂದೇ ದಾಖಲೆಯಿಂದ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮರಗಳ ಜೊತೆ ಅವುಗಳ ಮೈಮೇಲಿದ್ದುದೆಲ್ಲ ಮಣ್ಣಿನಡಿ ಹೋಯಿತು. ಒಂದು ಇಳಿಜಾರಿನಲ್ಲಿ ಮೊದಲು ಏನಿತ್ತೆಂದು ಬರೆದಿಟ್ಟಿದ್ದರೆ ಮಾತ್ರ ಈಗ ಏನಿಲ್ಲವೆಂದು ಹೇಳಲು ಸಾಧ್ಯ.

ಎಲ್ಲಿ ನೋಡಬೇಕು?

ಕೊಡಗು 4,102 ಚದರ ಕಿಲೋಮೀಟರಿನ ಪುಟ್ಟ ಜಿಲ್ಲೆ. ಆದರೆ ಕೇರಳದ ಗಡಿಯ ಮಾಕುಟ್ಟದ ತಗ್ಗಿನ ಕಾಡಿನಿಂದ 1,748 ಮೀಟರ್ ಎತ್ತರದ ತಡಿಯಂಡಮೋಳಿನ ಬೋಳು ನೆತ್ತಿಯವರೆಗೆ, ಭಾಗಮಂಡಲದ ಜಡಿಮಳೆಯಿಂದ ಕುಶಾಲನಗರದ ಕಡೆಯ ಒಣ ಸೀಮೆಯವರೆಗೆ ಹವೆ ಎಷ್ಟೊಂದು ಬಗೆಯಾಗಿ ಬದಲಾಗುತ್ತದೆ! ಕಲ್ಲುಹೂವಿಗೆ ಈ ಬದಲಾವಣೆಯೇ ಮುಖ್ಯ. ತೇವ, ಬೆಳಕು, ತೊಗಟೆಯ ಗುಣ ಸ್ವಲ್ಪ ಬದಲಾದರೂ ಅಲ್ಲಿ ನೆಲೆಸುವ ಬಗೆಗಳು ಬದಲಾಗುತ್ತವೆ. ಒಂದೇ ಮರದಲ್ಲಿ ಬುಡದ್ದು ಬೇರೆ, ನೆತ್ತಿಯದು ಬೇರೆ. ಮರಗಸಿಯ ಕೊಂಬೆಗಳನ್ನು ನಾನು ಮೊದಲು ನೆನೆದದ್ದು ಇದಕ್ಕಾಗಿಯೇ. ಏಣಿಯಿಲ್ಲದೆ ಕೈಗೆಟುಕದ ನೆತ್ತಿಯ ಕಲ್ಲುಹೂವುಗಳು ಆ ಕೆಲವು ದಿನ ನಮ್ಮ ಕಾಲ ಬಳಿಗೇ ಬರುತ್ತವೆ.

ದೇವರಕಾಡುಗಳ ಹಳೆಯ ಮರಗಳು, ಐನ್‌ಮನೆಗಳ, ಅಂದರೆ ಒಕ್ಕದ ಮೂಲಮನೆಗಳ, ಅಂಗಳದ ಹಾಸುಗಲ್ಲುಗಳು, ಹೊಳೆದಡದ ಬಂಡೆಗಳು, ವರ್ಷಗಟ್ಟಲೆ ಉದುರದ ದಪ್ಪ ಎಲೆಗಳ ಮೇಲ್ಮೈ, ಎಲ್ಲವೂ ನೋಡತಕ್ಕ ಜಾಗಗಳೇ. ತೋಟದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಶಿಲೀಂಧ್ರನಾಶಕ. ಎಲೆ ತುಕ್ಕು ರೋಗಕ್ಕೋ ಕರಿಮೆಣಸಿನ ಸೊರಗು ರೋಗಕ್ಕೋ ಅದನ್ನು ಸಿಂಪಡಿಸಿದಲ್ಲಿ ಅದರ ತಾಮ್ರ ಕಲ್ಲುಹೂವಿನ ಶಿಲೀಂಧ್ರ, ಪಾಚಿ ಎರಡನ್ನೂ ಬಾಧಿಸುತ್ತದೆ. ಇನ್ನು ಬಿಳಿ ಕಾಂಡಕೊರಕ ಮೊಟ್ಟೆಯಿಡದಂತೆ ಅರೇಬಿಕಾ ಗಿಡದ ಕಾಂಡವನ್ನು ತೆಂಗಿನ ಸಿಪ್ಪೆಯಿಂದಲೋ ನಾರಿನ ಕೈಗವಸಿನಿಂದಲೋ ಉಜ್ಜುವಾಗ ಸಡಿಲ ತೊಗಟೆಯ ಜೊತೆ ಕಲ್ಲುಹೂವೂ ಹೋಗುತ್ತದೆ. ಹಾಗಾಗಿ ಕಾಫಿಯ ಕಾಂಡಕ್ಕಿಂತ ನೆರಳಿನ ಮರದಲ್ಲಿ ಹುಡುಕುವುದು ಲೇಸು.

ಮಸೂರದಡಿ ಒಂದು ಎಲೆ ಕಲ್ಲುಹೂವು

ಗುರುತಿಸುವ ಕೆಲಸ ಆಕಾರದಿಂದ ಶುರುವಾಗುತ್ತದೆ. ತೊಗಟೆಗೆ ಹಕ್ಕಳೆಯಂತೆ ಅಂಟಿಕೊಂಡು ಬಿಡಿಸಲು ಬಾರದವು ಒಂದು ಬಗೆ. ಎಲೆಯಂತೆ ಹರಡಿ ಅಂಚು ಎತ್ತಲು ಬರುವವು ಇನ್ನೊಂದು. ಪೊದೆಯಂತೆ ನಿಲ್ಲುವ ಅಥವಾ ಗಡ್ಡದಂತೆ ಜೋಲುವವು ಮತ್ತೊಂದು. ಅಸ್ನಿಯಾ ಎಂಬ ಗಡ್ಡದ ಕುಲವನ್ನು ಗುರುತಿಸಲು ಎಳೆಯನ್ನು ಮೆಲ್ಲನೆ ಎಳೆದು ನೋಡಬೇಕು. ಹೊರಸಿಪ್ಪೆ ಬಿರಿದು, ನಡುವೆ ಬಿಳಿಯ ದಾರವೊಂದು ರಬ್ಬರಿನಂತೆ ಹಿಗ್ಗುವುದು ಕಾಣುತ್ತದೆ.

ಈಗ ಎಲೆ ಬಗೆಯ ಒಂದನ್ನೇ ಹಿಡಿದುಕೊಳ್ಳೋಣ. ಅಂಗೈಯಗಲದ ಬೂದು ಹರಡು, ಕೆಳಮೈ ಕಪ್ಪು, ಅಂಚಿನಲ್ಲಿ ಕಂದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು ಹತ್ತಿರ ಹೋದರೆ ಮೇಲ್ಮೈ ನುಣುಪಾಗಿಲ್ಲ. ನಡುಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಮೊಳಕೆಗಳು ಒತ್ತೊತ್ತಾಗಿ ನಿಂತಿವೆ. ಇವು ಮುರಿದು ಬಿದ್ದಲ್ಲಿ ಹೊಸ ಕಲ್ಲುಹೂವು ಹುಟ್ಟುತ್ತದೆ. ಪ್ರತಿ ಮೊಳಕೆಯಲ್ಲೂ ಶಿಲೀಂಧ್ರ, ಪಾಚಿ ಎರಡೂ ಜೊತೆಗಿರುತ್ತವೆ. ಬೇರೆ ಕೆಲವು ಪ್ರಭೇದಗಳಲ್ಲಿ ಮೊಳಕೆಯ ಬದಲು ಅಂಚಿನ ಉದ್ದಕ್ಕೂ ಹಿಟ್ಟು ಉದುರಿದಂತಿರುತ್ತದೆ, ಅದರ ಕೆಲಸವೂ ಇದೇ. ಮೊಳಕೆಯೋ ಹಿಟ್ಟೋ, ಅಂಚಿನಲ್ಲಿ ಕಪ್ಪು ರೋಮಗಳಿವೆಯೋ ಇಲ್ಲವೋ, ಮೇಲ್ಮೈಯಲ್ಲಿ ಬಿಳಿಯ ಬಲೆಯಂಥ ಬಿರುಕುಗಳಿವೆಯೋ ಇಲ್ಲವೋ: ಪಾರ್ಮೋಟ್ರೆಮಾ ಕುಲದಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ಇಂಥ ಸಣ್ಣ ಸಂಗತಿಗಳೇ.

ಪರಿಣತರು ಇವನ್ನು ಕವಲುಕೋಷ್ಟಕದ ಮೂಲಕ ಕೇಳಿಕೊಳ್ಳುತ್ತಾರೆ. ಗೊತ್ತಿಲ್ಲದ ಊರಿನಲ್ಲಿ ಒಂದು ಐನ್‌ಮನೆಗೆ ದಾರಿ ಕೇಳಿಕೊಂಡು ಹೋದಂತೆ ಅದು. ಪ್ರತಿ ಕವಲಿನಲ್ಲೂ ಎಡವೋ ಬಲವೋ ಎಂಬ ಒಂದೇ ಪ್ರಶ್ನೆ. ಒಂದು ಕವಲಿನಲ್ಲಿ ತಪ್ಪಿದರೆ ಮುಂದಿನ ಉತ್ತರಗಳೆಲ್ಲ ಸರಿಯಿದ್ದರೂ ತಲಪುವುದು ಬೇರೆ ಮನೆಗೆ. ಭಾರತದಲ್ಲಿ ಈ ಕೋಷ್ಟಕಗಳನ್ನು ಕಟ್ಟಿಕೊಟ್ಟ ದೊಡ್ಡ ಹೆಸರು ಲಖನೌದ ಧರಣೀಧರ ಅವಸ್ಥಿಯವರದು. ದೇಶದ ಕಲ್ಲುಹೂವು ಅಧ್ಯಯನಕ್ಕೆ ತಳಪಾಯ ಹಾಕಿದವರು ಅವರೇ.

ಹನಿ ಹಾಕಿ ಬಣ್ಣ ನೋಡುವುದು

ಕಣ್ಣು ಸೋತಲ್ಲಿ ರಸಾಯನ ನೆರವಿಗೆ ಬರುತ್ತದೆ. ಬೇರೆ ಜೀವಿಗಳಲ್ಲಿ ಸಿಗುವುದು ಅಪರೂಪವಾದ ಹಲವು ಆಮ್ಲಗಳನ್ನು ಕಲ್ಲುಹೂವುಗಳು ತಯಾರಿಸುತ್ತವೆ. ಕ್ಷಾರವನ್ನೋ ಬಿಳುಪುಕಾರಕವನ್ನೋ ಒಂದು ಹನಿ ಹಾಕಿದರೆ ಆ ಆಮ್ಲಗಳು ಬಣ್ಣ ತಾಳುತ್ತವೆ. ಫಿನ್ಲೆಂಡಿನ ವಿಲಿಯಂ ನ್ಯೂಲಾಂಡರ್ 1866ರಲ್ಲಿ ತೋರಿಸಿಕೊಟ್ಟ ಈ ವಿಧಾನ ಇಂದಿಗೂ ನಡೆಯುತ್ತಿದೆ.

ಮುಖ್ಯವಾದ ಹನಿಗಳು ಮೂರು. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣಕ್ಕೆ ‘ಕೆ’ ಎನ್ನುತ್ತಾರೆ. ಬಟ್ಟೆಗೆ ಹಾಕುವ ಬ್ಲೀಚಿನ ಬಗೆಯದಕ್ಕೆ ‘ಸಿ’. ಮೂರನೆಯದು ‘ಪಿ’, ತಲೆಗೂದಲ ಬಣ್ಣಗಳಲ್ಲಿ ಬಳಸುವ ಪ್ಯಾರಾಫಿನೈಲೀನ್‌ಡೈಅಮೀನ್. ಇದು ವಿಷಕಾರಿ. ‘ಕೆ’ ಚರ್ಮವನ್ನು ಸುಡುತ್ತದೆ. ಹಾಗಾಗಿ ಇವು ತರಬೇತಿ ಪಡೆದವರು ಪ್ರಯೋಗಾಲಯದಲ್ಲಿ ಮಾಡುವ ಕೆಲಸ.

ನಮ್ಮ ಬೂದು ಹರಡಿಗೆ ಬರೋಣ. ಬ್ಲೇಡಿನ ಮೊನೆಯಿಂದ ಮೇಲಿನ ಬೂದು ಪದರವನ್ನು ಎಳ್ಳುಕಾಳಿನಷ್ಟು ಕೆರೆದರೆ ಒಳಗಿನ ಬಿಳಿ ತಿರುಳು ಕಾಣುತ್ತದೆ. ಅದರ ಮೇಲೆ ‘ಸಿ’ಯ ಸಣ್ಣ ಹನಿ. ತಟ್ಟನೆ ಕುಂಕುಮದ ಕೆಂಪು! ತಿರುಳಿನಲ್ಲಿ ಲೆಕನೋರಿಕ್ ಆಮ್ಲವಿದೆ ಎಂದು ಅರ್ಥ. ಮೊಳಕೆಗಳಿದ್ದು, ಅಂಚಿನಲ್ಲಿ ರೋಮವಿಲ್ಲದೆ, ತಿರುಳು ಹೀಗೆ ಕೆಂಪಾದರೆ ಅದು ಪಾರ್ಮೋಟ್ರೆಮಾ ಟಿಂಕ್ಟೋರಮ್ ಆಗಿರುವ ಸಂಭವ ಹೆಚ್ಚು. ಘಟ್ಟದ ಸೀಮೆಯಲ್ಲಿ ಸಾಮಾನ್ಯವಾದದ್ದು, ಹೊಸದೇನಲ್ಲ. ದೂರದಿಂದ ಹಾಗೆಯೇ ಕಾಣುವ ಪಾರ್ಮೋಟ್ರೆಮಾ ರೆಟಿಕ್ಯುಲೇಟಮ್‌ನ ತಿರುಳು ‘ಸಿ’ಗೆ ಬಣ್ಣ ಕೊಡುವುದಿಲ್ಲ. ‘ಕೆ’ ಹಾಕಿದರೆ ಮೊದಲು ಹಳದಿಯಾಗಿ, ನೋಡನೋಡುತ್ತ ರಕ್ತಗೆಂಪಿಗೆ ತಿರುಗುತ್ತದೆ. ಫೋಟೊ ಈ ವ್ಯತ್ಯಾಸವನ್ನು ಎಂದೂ ಹೇಳಲಾರದು. ಮೊಬೈಲಿನ ಆ್ಯಪ್ ಕೊಡುವ ಹೆಸರನ್ನು ಕೊನೆಯ ಮಾತೆಂದು ತಿಳಿಯಬಾರದು ಎನ್ನುವುದು ಇದಕ್ಕೇ.

ಇಲ್ಲಿ ಎಡವುವ ಒಂದು ಜಾಗವಿದೆ. ಬ್ಲೀಚು ಹಳತಾದರೆ ಸತ್ವ ಕಳೆದುಕೊಳ್ಳುತ್ತದೆ. ಹನಿ ಹಾಕಿದರೂ ಬಣ್ಣ ಬರಲಿಲ್ಲವೆಂದು ‘ಇದು ಬೇರೆಯದೇ, ಹೊಸದು’ ಎಂದು ತೀರ್ಮಾನಿಸಿದರೆ ತಪ್ಪು ದಾಖಲೆಯೊಂದು ಹುಟ್ಟುತ್ತದೆ. ಕೆಂಪಾಗುವುದೆಂದು ಖಚಿತವಾಗಿ ಗೊತ್ತಿರುವ ಕಲ್ಲುಹೂವಿನ ತುಣುಕಿನ ಮೇಲೆ ಮೊದಲು ಹನಿ ಹಾಕಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯ ಪದ್ಧತಿ.

ಒಂದಕ್ಕಿಂತ ಹೆಚ್ಚು ಆಮ್ಲಗಳಿದ್ದರೆ ಹನಿ ಸಾಲದು. ಆಗ ತೆಳುಪದರ ಕ್ರೊಮಟೊಗ್ರಫಿ ಎಂಬ ವಿಧಾನ ಬೇಕು. ಕಾಗದದ ಮೇಲೆ ಬಿದ್ದ ಕಪ್ಪು ಶಾಯಿಗೆ ನೀರು ತಾಗಿದಾಗ ಅದು ನೀಲಿ, ನೇರಳೆ ಎಂದು ಬೇರೆಬೇರೆಯಾಗಿ ಹರಡುವುದನ್ನು ಶಾಲೆಯಲ್ಲಿ ನೋಡಿರುತ್ತೀರಿ. ತತ್ವ ಅದೇ. ಒಂದೊಂದು ಆಮ್ಲವೂ ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ.

ಗೀಚುಗೆರೆಗಳ ಒಳಗೆ

ಎಲೆ ಮತ್ತು ಗಡ್ಡದ ಬಗೆಗಳು ಕಣ್ಣಿಗೆ ಬೀಳುವುದರಿಂದ ಅವುಗಳ ಪಟ್ಟಿ ಬೇಗ ತುಂಬುತ್ತದೆ. ನಮ್ಮ ಕಾಡುಗಳಲ್ಲಿ ಹೊಸ ದಾಖಲೆಗಳಿಗೆ ಹೆಚ್ಚು ಅವಕಾಶವಿರುವುದು ಹಕ್ಕಳೆ ಬಗೆಯಲ್ಲಿ, ಅದರಲ್ಲೂ ಬಿಳಿ ಮಚ್ಚೆಯ ಮೇಲೆ ಕಪ್ಪು ಗೀಚಿದಂಥ ಗ್ರಾಫಿಸ್ ಮತ್ತು ಅದರ ಬಳಗದಲ್ಲಿ. ಓಲೆಗರಿಯ ಅಕ್ಷರದಂತೆ ಕಾಣುವ ಆ ಗೆರೆಗಳು ಶಿಲೀಂಧ್ರದ ಫಲಗಳು. ಬೀಜಕಗಳು ತಯಾರಾಗುವುದು ಅಲ್ಲಿಯೇ.

ಗೆರೆಯನ್ನು ಬ್ಲೇಡಿನಿಂದ ಅಡ್ಡಲಾಗಿ, ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಗೆರೆಯ ದಂಡೆ ಎಷ್ಟು ಕಪ್ಪು, ಆ ಕಪ್ಪು ಅಡಿಯವರೆಗೂ ಇದೆಯೇ, ಬೀಜಕ ಬಣ್ಣವಿಲ್ಲದ್ದೋ ಕಂದೋ, ಅದರೊಳಗೆ ಅಡ್ಡಗೋಡೆಗಳು ಮಾತ್ರವೋ ಅಥವಾ ಇಟ್ಟಿಗೆ ಕಟ್ಟಿದಂತೆ ಉದ್ದ–ಅಡ್ಡ ಎರಡೂ ಇವೆಯೋ, ಉದ್ದ ಎಷ್ಟು ಮೈಕ್ರೊಮೀಟರ್ ಎಂದೆಲ್ಲ ಬರೆದುಕೊಳ್ಳುತ್ತಾರೆ. ಒಂದು ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಒಂದು ಬೀಜಕ ಅಳೆದರೆ ಸಾಲದು, ಹಲವನ್ನು ಅಳೆಯಬೇಕು. ಬಲಿಯದ ಬೀಜಕಕ್ಕೆ ಗೋಡೆಗಳು ಕಡಿಮೆ ಇರುತ್ತವೆ, ಅದನ್ನು ನೋಡಿ ಮೋಸಹೋಗುವುದು ಸುಲಭ.

ಡಿಎನ್‌ಎ ಪರೀಕ್ಷೆ ಇದೆಯಲ್ಲ ಎಂದು ಕೇಳಬಹುದು. ಇದೆ. ಐಟಿಎಸ್ ಎಂಬ ಡಿಎನ್‌ಎ ತುಣುಕನ್ನು 2012ರಲ್ಲಿ ಶಿಲೀಂಧ್ರಗಳ ಗುರುತುಪಟ್ಟಿಯಾಗಿ ಒಪ್ಪಿಕೊಳ್ಳಲಾಗಿದೆ. ಆದರೆ ಬೆರಳಚ್ಚು ಇದ್ದರೆ ಸಾಲದು, ಹೋಲಿಸಲು ಕಡತದಲ್ಲಿ ಇನ್ನೊಂದು ಬೆರಳಚ್ಚು ಬೇಕು. ಉಷ್ಣವಲಯದ ಹಕ್ಕಳೆ ಬಗೆಗಳಲ್ಲಿ ಬಹಳಷ್ಟಕ್ಕೆ ಅಂಥ ಕಡತ ಇನ್ನೂ ಆಗಿಲ್ಲ. ಹೊಂದಿಕೆ ಸಿಗದಿದ್ದರೆ ಪ್ರಭೇದ ಹೊಸದೆಂದಾಗುವುದಿಲ್ಲ.

ಹಳೆಯ ಹೆಸರು, ಹಳೆಯ ಊರು

ಹೆಸರು ಖಚಿತವಾಯಿತೆಂದುಕೊಳ್ಳಿ. ಇನ್ನು ಕೊಡಗಿನಲ್ಲಿ ಇದು ಮೊದಲು ದಾಖಲಾಗಿಲ್ಲವೆಂದು ತೋರಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ‘ಇದೆ’ ಎಂದು ತೋರಿಸಲು ಒಂದು ಮಾದರಿ ಸಾಕು, ‘ಇರಲಿಲ್ಲ’ ಎನ್ನಲು ಇರುವ ಕಡತಗಳನ್ನೆಲ್ಲ ತಿರುವಿ ಹಾಕಬೇಕು.

ಮೊದಲ ತೊಡಕು ಪ್ರಭೇದಗಳ ಹೆಸರು. ನಮ್ಮ ಪಾರ್ಮೋಟ್ರೆಮಾ ಟಿಂಕ್ಟೋರಮ್ ಹಳೆಯ ಪಟ್ಟಿಗಳಲ್ಲಿ ಪಾರ್ಮೀಲಿಯಾ ಟಿಂಕ್ಟೋರಮ್ ಆಗಿದೆ. ಗ್ರಾಫಿಸ್ ಬಳಗವನ್ನು ಹಿಂದೆ ಬೀಜಕದ ಬಣ್ಣ ಮತ್ತು ಗೋಡೆಗಳನ್ನಷ್ಟೇ ನೋಡಿ ನಾಲ್ಕು ಕುಲಗಳಾಗಿ ಹಂಚಿದ್ದರು. 2002ರ ಈಚೆಗೆ ಆ ಹಂಚಿಕೆ ಬದಲಾಗಿ ಎಷ್ಟೋ ಹೆಸರುಗಳು ಮನೆ ಬದಲಿಸಿವೆ. ಈಗಿನ ಹೆಸರನ್ನಷ್ಟೇ ಹುಡುಕುವವರಿಗೆ ಹಳೆಯ ದಾಖಲೆ ಕಾಣುವುದೇ ಇಲ್ಲ.

ಎರಡನೆಯ ತೊಡಕು ಊರುಗಳ ಹೆಸರು. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು, ಅದು 1973ರಲ್ಲಿ ಕರ್ನಾಟಕವಾಯಿತು. ಅದಕ್ಕೆ ಮೊದಲು ಸಂಗ್ರಹಿಸಿದ ಮಾದರಿಯ ಚೀಟಿಯಲ್ಲಿ ಕರ್ನಾಟಕ ಎಂಬ ಪದ ಇರುವುದಿಲ್ಲ. ‘ಕೂರ್ಗ್’ ಇರುತ್ತದೆ, ಮಡಿಕೇರಿಯ ಬದಲು ‘ಮರ್ಕಾರಾ’, ಕುಶಾಲನಗರದ ಬದಲು ‘ಫ್ರೇಜರ್‌ಪೇಟೆ’ ಇರುತ್ತದೆ. ‘ಕರ್ನಾಟಕಕ್ಕೆ ಹೊಸದು’ ಎನ್ನುವವರು ಈ ಹಳೆಯ ಹೆಸರುಗಳಡಿಯಲ್ಲೂ ಹುಡುಕಬೇಕು.

ಹುಡುಕುವುದು ಎಲ್ಲಿ? ಒಣಗಿಸಿದ ಮಾದರಿಗಳನ್ನು ಕಾಪಾಡುವ ಹರ್ಬೇರಿಯಂಗಳಲ್ಲಿ. ಕಲ್ಲುಹೂವುಗಳಿಗೆ ನಮ್ಮ ದೇಶದಲ್ಲಿ ಮುಖ್ಯವಾದವು ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಮತ್ತು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ. ಗ್ರಂಥಾಲಯದಲ್ಲಿ ಪುಸ್ತಕ ಇರುವಂತೆ ಅಲ್ಲಿ ಕಾಗದದ ಪೊಟ್ಟಣಗಳಲ್ಲಿ ಕಲ್ಲುಹೂವುಗಳಿವೆ. ಅನುಮಾನ ಬಂದಾಗ ಹಳೆಯ ಪೊಟ್ಟಣ ಬಿಚ್ಚಿ ಪಕ್ಕದಲ್ಲಿಟ್ಟು ನೋಡುತ್ತಾರೆ.

ಎಲ್ಲೂ ಹೊಂದದಿದ್ದರೆ ಮಾತ್ರ ವಿಜ್ಞಾನಕ್ಕೇ ಹೊಸದೆಂಬ ಮಾತು. ಆಗ ಒಂದು ಮಾದರಿಯನ್ನು ಆ ಹೆಸರಿನ ಆಧಾರಮಾದರಿಯೆಂದು ಗೊತ್ತುಪಡಿಸಿ ಹರ್ಬೇರಿಯಂನಲ್ಲಿ ಇಡಬೇಕು. ಲಕ್ಷಣಗಳ ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ಪ್ರಕಟವಾಗಬೇಕು. ಲ್ಯಾಟಿನ್ನೇ ಆಗಬೇಕೆಂಬ ಕಟ್ಟುಪಾಡು 2012ರಲ್ಲಿ ಹೋಯಿತು. 2013ರಿಂದ ಹೆಸರನ್ನು ಅಂತರರಾಷ್ಟ್ರೀಯ ನೋಂದಣಿ ಕಡತದಲ್ಲಿ ದಾಖಲಿಸುವುದೂ ಕಡ್ಡಾಯ. ಇದಲ್ಲದೆ ನಮ್ಮ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು.

ಪೊಟ್ಟಣದ ಮೇಲಿನ ಚೀಟಿ

ತಲಕಾವೇರಿ, ಪುಷ್ಪಗಿರಿ, ಬ್ರಹ್ಮಗಿರಿ ವನ್ಯಧಾಮಗಳಲ್ಲಿ, ನಾಗರಹೊಳೆಯಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಚೂರನ್ನೂ ತೆಗೆಯುವಂತಿಲ್ಲ. ದೇವರಕಾಡಿನಲ್ಲಿ ಊರಿನ ತಕ್ಕರನ್ನೂ, ಅಂದರೆ ಮುಖ್ಯಸ್ಥರನ್ನೂ, ಕೇಳಬೇಕು. ಕಾನೂನು ಬದಿಗಿಟ್ಟರೂ ಕೈ ಬಿಗಿ ಹಿಡಿಯಲು ಕಾರಣವಿದೆ. ಹಕ್ಕಳೆ ಬಗೆಯ ಎಷ್ಟೋ ಕಲ್ಲುಹೂವುಗಳು ವರ್ಷಕ್ಕೆ ಒಂದು ಮಿಲಿಮೀಟರ್ ಸಹ ಬೆಳೆಯುವುದಿಲ್ಲ. ಅಂಗೈಯಗಲದ ಮಚ್ಚೆ ನಮಗಿಂತ ಹಿರಿಯದಾಗಿರಬಹುದು.

ನಿಮ್ಮದೇ ತೋಟದ ಮರಗಸಿಯ ಕೊಂಬೆಯಾದರೆ ನೋಡಲು ಯಾರ ಅಡ್ಡಿಯೂ ಇಲ್ಲ. ಅನುಮಾನ ಹುಟ್ಟಿಸಿದ್ದನ್ನು ತೊಗಟೆಯ ಸಮೇತ ಬೆರಳಗಲ ಕೊಯ್ದು, ನೆರಳಿನಲ್ಲಿ ಒಣಗಿಸಿ, ಕಾಗದದಲ್ಲಿ ಮಡಚಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೋ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರಿಗೋ ತೋರಿಸಿದರೆ ಮುಂದೆ ಯಾರ ಬಳಿಗೆ ಕಳಿಸಬೇಕೆಂಬ ದಾರಿ ಸಿಗುತ್ತದೆ.

ಮಡಚುವ ಮೊದಲು ಚೀಟಿ ಬರೆಯಿರಿ. ಊರಿನ ಹೆಸರು, ಮೊಬೈಲ್ ತೋರಿಸುವ ಅಕ್ಷಾಂಶ, ರೇಖಾಂಶ ಮತ್ತು ಎತ್ತರ, ಯಾವ ಮರ, ಕೊಂಬೆ ಬುಡದ ಕಡೆಯದೋ ನೆತ್ತಿಯದೋ, ಆ ಮರದ ಮೇಲೆ ಹಬ್ಬಿದ ಮೆಣಸಿನ ಬಳ್ಳಿಗೆ ಬೋರ್ಡೋ ಸಿಂಪಡಿಸಿತ್ತೋ ಇಲ್ಲವೋ, ಒದ್ದೆಯಿದ್ದಾಗಿನ ಬಣ್ಣ, ಒಣಗಿದ ಮೇಲಿನ ಬಣ್ಣ, ತಾರೀಖು, ನಿಮ್ಮ ಹೆಸರು. ಸಂಗ್ರಹಿಸಿದವರ ಹೆಸರು ಆ ಪೊಟ್ಟಣ ಇರುವವರೆಗೂ ಅದರ ಜೊತೆಯಲ್ಲೇ ಇರುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ, ಕೊಡಗಿನ ಆಟಿ ತಿಂಗಳ ತೇವದಲ್ಲಿ ಶಾಯಿ ಹರಡುತ್ತದೆ.